ಸ್ಟಾಕ್ ವಿಡಿಯೊ ಮಾರಲು ಹೊರಟವರಿಗೆ ಮೊದಲ ಅಂಗಡಿ ಯಾವುದು? ಅಡೋಬಿ ಸ್ಟಾಕ್, ಶಟರ್‌ಸ್ಟಾಕ್, ಪಾಂಡ್5, ಐಸ್ಟಾಕ್ ವಿಮರ್ಶೆ

ಸ್ಟಾಕ್ ವಿಡಿಯೊ ಎಂದರೆ ಬೇಕಾದವರು ಲೈಸೆನ್ಸ್ ಪಡೆದು ಬಳಸಲೆಂದು ಸಿದ್ಧವಾಗಿಟ್ಟ ಚಿಕ್ಕ ಕ್ಲಿಪ್ಪುಗಳು, ಅವನ್ನು ಮಾರಿಕೊಡುವ ವೆಬ್‌ಸೈಟ್ ಅಂಗಡಿಗಳೇ ಏಜೆನ್ಸಿಗಳು. ಅವು ಕೊಡುವ ಕಮಿಷನ್ನಿನ ಅಂಕಿ ನೋಡಿ ಏಜೆನ್ಸಿ ಆರಿಸುವುದು ಈ ಕೆಲಸದಲ್ಲಿ ಹೊಸಬರು ಮಾಡುವ ಮೊದಲ ತಪ್ಪು. ಇಲ್ಲಿ ಶೇ. 35, ಅಲ್ಲಿ ಶೇ. 20, ಮತ್ತೊಂದು ಕಡೆ ಶೇ. 15 ಎಂದು ಪಟ್ಟಿ ಹಾಕಿ ದೊಡ್ಡ ಅಂಕಿಯ ಕಡೆ ವಾಲಿಬಿಡುತ್ತಾರೆ. ಯಾವುದರ ಶೇ. 35 ಎಂಬ ಪ್ರಶ್ನೆ ಏಳುವುದು ಮೊದಲ ಮಾರಾಟವಾದ ಮೇಲೆ. ಗ್ರಾಹಕ ಒಂದು ಕ್ಲಿಪ್ಪನ್ನು ಬಿಡಿಯಾಗಿ 80 ಡಾಲರಿಗೆ ಕೊಂಡ ಎನ್ನೋಣ, ನಿಮ್ಮ ಪಾಲು 28 ಡಾಲರ್. ಅದೇ ಕ್ಲಿಪ್ಪನ್ನು ಇನ್ನೊಬ್ಬ ಚಂದಾದಾರ ಇಳಿಸಿಕೊಂಡಾಗ ಅದರ ಲೆಕ್ಕಕ್ಕೆ ಬಿದ್ದದ್ದು 8 ಡಾಲರ್ ಆದರೆ ನಿಮಗೆ ಸಿಗುವುದು 2 ಡಾಲರ್ 80 ಸೆಂಟ್. ಕ್ಲಿಪ್ ಒಂದೇ, ಶೇಕಡಾವಾರೂ ಒಂದೇ, ಹಣ ಮಾತ್ರ ಹತ್ತು ಪಟ್ಟು ಕಡಿಮೆ. ಎಲ್ಲ ದೊಡ್ಡ ಏಜೆನ್ಸಿಗಳೂ ಈಗ ಚಂದಾ ವ್ಯವಸ್ಥೆಯ ಕಡೆಗೇ ಹೊರಳಿರುವುದರಿಂದ ಎರಡನೆಯ ಬಗೆಯ ಮಾರಾಟವೇ ಹೆಚ್ಚು ಎಂದುಕೊಂಡು ಹೊರಡುವುದು ಕ್ಷೇಮ.

ಹಾಗಾಗಿ ಇಲ್ಲಿ ಅಂಗಡಿಗಳನ್ನು ಅಳೆದಿರುವ ಕೋಲು ಬೇರೆ. ಒಂದು ಕ್ಲಿಪ್ಪಿಗೆ ಅಲ್ಲಿ ಎಷ್ಟು ಹೊತ್ತು ಕಳೆಯಬೇಕು, ಕ್ಲಿಪ್ ವಾಪಸ್ ಬಂದಾಗ ಕಾರಣ ಅರ್ಥವಾಗುತ್ತದೆಯೇ, ಗಳಿಸಿದ್ದು ಕೈಗೆ ಬರುವುದು ಯಾವಾಗ. ಮೊದಲ ನೂರು ಕ್ಲಿಪ್ಪುಗಳಿಂದ ಬರುವ ಹಣಕ್ಕಿಂತ ಅವುಗಳಿಂದ ಕಲಿಯುವ ಪಾಠ ದೊಡ್ಡದು. ಅದನ್ನು ಕಡಿಮೆ ಹೊತ್ತಿನಲ್ಲಿ ಕಲಿಸುವ ಅಂಗಡಿಯೇ ಮೊದಲ ಅಂಗಡಿ.

ಅಡೋಬಿ ಸ್ಟಾಕ್: ಶುರು ಇಲ್ಲಿಂದಲೇ

ಅಡೋಬಿ ಕಂಪನಿ ಫೊಟೋಲಿಯಾ ಎಂಬ ಸ್ಟಾಕ್ ಅಂಗಡಿಯನ್ನು ಕೊಂಡುಕೊಂಡು 2015ರಲ್ಲಿ ಅಡೋಬಿ ಸ್ಟಾಕ್ ಆರಂಭಿಸಿತು. ಇದರ ದೊಡ್ಡ ಬಲ ಇರುವ ಜಾಗ ಅಡೋಬಿಯದೇ ಎಡಿಟಿಂಗ್ ಸಾಫ್ಟ್‌ವೇರ್ ಪ್ರೀಮಿಯರ್. ಎಡಿಟಿಂಗ್ ಮಾಡುತ್ತಿರುವವರು ಸಾಫ್ಟ್‌ವೇರ್ ಬಿಟ್ಟು ಹೊರಗೆ ಹೋಗದೆ ಅಲ್ಲೇ ಕ್ಲಿಪ್ ಹುಡುಕಿ, ಟೈಮ್‌ಲೈನಿಗೆ ಎಳೆದು, ಹಿಡಿಸಿದರೆ ಲೈಸೆನ್ಸ್ ಪಡೆಯಬಹುದು. ಕೊಳ್ಳುವವನ ಮೇಜಿನ ಮೇಲೇ ಅಂಗಡಿ ಇದ್ದ ಹಾಗೆ.

ವಿಡಿಯೊಗೆ ಕೊಡುವ ಪಾಲು ಶೇ. 35. ಎಷ್ಟು ಮಾರಿದಿರಿ ಎಂಬುದರ ಮೇಲೆ ಮೇಲಿಳಿಯುವ ಮೆಟ್ಟಿಲುಗಳಿಲ್ಲ, ಹೊಸಬನಿಗೂ ಹಳಬನಿಗೂ ಅದೇ ಪಾಲು. ಖಾತೆ ತೆರೆಯಲು 18 ತುಂಬಿರಬೇಕು. ಹಣ ಬಿಡಿಸಿಕೊಳ್ಳಲು ಖಾತೆಯಲ್ಲಿ ಕನಿಷ್ಠ 25 ಡಾಲರ್ ಸೇರಿರಬೇಕು, ಮೊದಲ ಮಾರಾಟವಾಗಿ 45 ದಿನ ಕಳೆದಿರಬೇಕು. ಒಂದೇ ಅಂಗಡಿಯಲ್ಲಿ ಮಾರಬೇಕೆಂಬ ಎಕ್ಸ್‌ಕ್ಲೂಸಿವ್ ಕರಾರು ಇಲ್ಲದ ಕಾರಣ ಇಲ್ಲಿಟ್ಟ ಕ್ಲಿಪ್ಪನ್ನೇ ಬೇರೆ ಅಂಗಡಿಗಳಲ್ಲೂ ಇಡಬಹುದು.

ಕ್ಲಿಪ್ಪಿನ ಉದ್ದ 5ರಿಂದ 60 ಸೆಕೆಂಡು, ಫೈಲಿನ ತೂಕ 3.9 ಜಿಬಿಯೊಳಗೆ. ಈ ಎರಡನೆಯ ಮಿತಿ ಹಲವರನ್ನು ಸುಮ್ಮನೆ ಕಾಡುತ್ತದೆ. 'ಗುಣಮಟ್ಟ ಹೆಚ್ಚಿರಲಿ' ಎಂದು ಎಲ್ಲವನ್ನೂ ಪ್ರೋರೆಸ್ 422 ಎಚ್‌ಕ್ಯೂ ಎಂಬ ಭಾರೀ ಗಾತ್ರದ ಫೈಲ್ ಬಗೆಗೆ ಬದಲಿಸಿದರೆ, ಸೆಕೆಂಡಿಗೆ 29.97 ಫ್ರೇಮ್ ಇರುವ 4ಕೆ ವಿಡಿಯೊದ ಪ್ರತಿ ಸೆಕೆಂಡಿಗೂ ಸುಮಾರು 110 ಎಂಬಿ ಬೇಕು. 20 ಸೆಕೆಂಡಿಗೆ 2.2 ಜಿಬಿ ಆಗುತ್ತದೆ, 35 ಸೆಕೆಂಡು ದಾಟಿತೋ ಮಿತಿಯೂ ದಾಟಿತು. ಮೂಲ ಕ್ಲಿಪ್ ಮೊಬೈಲಿನಲ್ಲಿ 8 ಬಿಟ್ಟಿನಲ್ಲಿ (ಬಣ್ಣದ ವಿವರ ಕಡಿಮೆ ಉಳಿಸುವ ಬಗೆ) ತೆಗೆದದ್ದಾಗಿದ್ದರೆ ಇದೆಲ್ಲ ಮೂಗಿಗಿಂತ ಮೂಗುತಿ ಭಾರ. ಇಲ್ಲದ ವಿವರವನ್ನು ಪ್ರೋರೆಸ್ ಹುಟ್ಟಿಸಿಕೊಡುವುದಿಲ್ಲ. ಅಂಥ ಕ್ಲಿಪ್ಪಿಗೆ ಎಚ್.264 ಎಂಬ ಅದುಮಿದ ಫೈಲ್ ಬಗೆ, ಸೆಕೆಂಡಿಗೆ 100 ಮೆಗಾಬಿಟ್ ಧಾರಾಳ ಸಾಕು. 20 ಸೆಕೆಂಡಿಗೆ 250 ಎಂಬಿ, ಅಪ್‌ಲೋಡ್ ಕೂಡ ಸಲೀಸು. 10 ಬಿಟ್ ಲಾಗ್‌ನಲ್ಲಿ (ಆಮೇಲೆ ತಿದ್ದಲೆಂದು ಬಣ್ಣದ ವಿವರ ಹೆಚ್ಚು ಉಳಿಸುವ ಬಗೆ) ಚಿತ್ರೀಕರಿಸಿ ಬಣ್ಣ ತಿದ್ದಿದವರು ಮಾತ್ರ ಪ್ರೋರೆಸ್ ಯೋಚಿಸಲಿ.

ಪೋರ್ಟಲ್ ಸರಳವಾಗಿದೆ. ಕ್ಲಿಪ್ ಏರಿದ ಮೇಲೆ ಕೀವರ್ಡ್‌ಗಳನ್ನು, ಎಂದರೆ ಹುಡುಕಾಟಕ್ಕೆ ಸಿಗುವ ಪದಗಳನ್ನು, ತಾನೇ ಸೂಚಿಸುತ್ತದೆ. ಅದನ್ನು ಕಣ್ಣುಮುಚ್ಚಿ ಒಪ್ಪಬಾರದು. ಸೇತುವೆಯ ಕ್ಲಿಪ್ಪಿಗೆ ಅದು ಬೇರೆ ಊರಿನ ಸೇತುವೆಯ ಹೆಸರು ಹಾಕಿಬಿಡಬಹುದು. ಕೀವರ್ಡ್‌ಗಳಿಗೆ ಮಿತಿ 49. ಇಲ್ಲಿ ಅವುಗಳ ಅನುಕ್ರಮಕ್ಕೂ ಬೆಲೆ ಇದೆ, ಮೊದಲ ಹತ್ತಕ್ಕೆ ಹೆಚ್ಚು ತೂಕ. ಅಕ್ಷರಮಾಲೆಯ ಕ್ರಮದಲ್ಲಿ ಜೋಡಿಸಿ ಕಳಿಸುವವರು ಆ ತೂಕವನ್ನು ಕೈಯಾರೆ ಚೆಲ್ಲುತ್ತಾರೆ. ಬೇರೆಡೆಗೆ ಸಿದ್ಧಪಡಿಸಿದ ಪಟ್ಟಿಯನ್ನು ಹಾಗೇ ಅಂಟಿಸಿದಾಗ ಆಗುವುದೂ ಇದೇ.

ಕೊರತೆಗಳೂ ಇವೆ. ತಿರಸ್ಕಾರದ ಪತ್ರದಲ್ಲಿ 'ಗುಣಮಟ್ಟದ ಸಮಸ್ಯೆ' ಎಂಬ ಒಂದೇ ಪದದಡಿ ಫೋಕಸ್, ನಾಯ್ಸ್ (ಚಿತ್ರದಲ್ಲಿ ಕಾಣುವ ಕಾಳು), ನಡುಕ, ಬಣ್ಣ ಎಲ್ಲವೂ ಬಂದುಬಿಡುತ್ತದೆ, ಯಾವುದು ಎಂದು ನೀವೇ ಪತ್ತೆಹಚ್ಚಬೇಕು. ಇನ್ನೊಂದು, ಅಡೋಬಿಯ ಫೈರ್‌ಫ್ಲೈ ಎಂಬ ಎಐ ಮಾದರಿ ತರಬೇತಿ ಪಡೆದದ್ದು ಅಡೋಬಿ ಸ್ಟಾಕ್‌ನ ಸಂಗ್ರಹದ ಮೇಲೆಯೇ. ಅದಕ್ಕೆಂದು 2023ರ ಸೆಪ್ಟೆಂಬರಿನಲ್ಲಿ ಕೊಡುಗೆದಾರರಿಗೆ ಮೊದಲ ಬೋನಸ್ ಕೊಟ್ಟರು. ತಮ್ಮ ಕೆಲಸ ಎಐ ತರಬೇತಿಗೆ ಹೋಗಬಾರದು ಎನ್ನುವವರು ಖಾತೆ ತೆರೆಯುವ ಮುನ್ನವೇ ಕರಾರಿನ ಆ ಭಾಗ ಓದಿಕೊಳ್ಳಬೇಕು.

ಶಟರ್‌ಸ್ಟಾಕ್: ಜನಸಂದಣಿಯ ಸಂತೆ

2003ರಲ್ಲಿ ಫೋಟೋಗಳಿಗೆಂದು ಶುರುವಾಗಿ 2006ರಿಂದ ವಿಡಿಯೊ ಮಾರುತ್ತಿರುವ ಶಟರ್‌ಸ್ಟಾಕ್‌ಗೆ ಬರುವ ಕೊಳ್ಳುಗರ ಸಂಖ್ಯೆ ದೊಡ್ಡದು. ಕಿರಿಕಿರಿ ಇರುವುದು ಪಾಲಿನ ಲೆಕ್ಕದಲ್ಲಿ. 2020ರ ಜೂನಿನಿಂದ ಇಲ್ಲಿ ಆರು ಮೆಟ್ಟಿಲುಗಳು. ಕೆಳಗಿನದಕ್ಕೆ ಶೇ. 15, ತುದಿಯದಕ್ಕೆ ಶೇ. 40. ವರ್ಷದೊಳಗೆ ಮಾರಾಟ ಹೆಚ್ಚಿದಂತೆ ಮೇಲೇರುತ್ತೀರಿ. ಜನವರಿ 1 ಬಂದ ಕೂಡಲೇ ಎಲ್ಲರೂ ಮತ್ತೆ ಶೇ. 15ಕ್ಕೆ. ಡಿಸೆಂಬರಿನಲ್ಲಿ ಹತ್ತಿದ ಮೆಟ್ಟಿಲು ಜನವರಿಯಲ್ಲಿ ನೆಲ. ಈ ನಿಯಮ ಬಂದಾಗ ಹಲವು ಕೊಡುಗೆದಾರರು ಪ್ರತಿಭಟಿಸಿ ತಮ್ಮ ಸಂಗ್ರಹವನ್ನೇ ಮಾರಾಟದಿಂದ ತೆಗೆದಿದ್ದರು.

ಆದರೂ ಹೊಸಬರಿಗೆ ಇದನ್ನು ಎರಡನೆಯ ಅಂಗಡಿಯಾಗಿ ಸೂಚಿಸಲು ಕಾರಣವಿದೆ. ತಿರಸ್ಕಾರದ ಕಾರಣಗಳನ್ನು ಇದು ಬಿಡಿಬಿಡಿಯಾಗಿ ಹೇಳುತ್ತದೆ. ಫೋಕಸ್ ತಪ್ಪಿದೆ, ನಾಯ್ಸ್ ಇದೆ, ಬೆಳಕು ಸರಿಯಿಲ್ಲ, ಟ್ರೇಡ್‌ಮಾರ್ಕ್ ಕಾಣುತ್ತಿದೆ, ಶೀರ್ಷಿಕೆ ಹೊಂದುತ್ತಿಲ್ಲ, ಹೀಗೆ. ಅಡೋಬಿಯವರು ಬರೇ 'ಗುಣಮಟ್ಟ' ಎಂದು ಹಿಂದಿರುಗಿಸಿದ ಕ್ಲಿಪ್ಪಿನ ರೋಗ ಏನೆಂದು ಇಲ್ಲಿನ ಉತ್ತರ ನೋಡಿ ತಿಳಿಯುವ ಸಂದರ್ಭಗಳಿವೆ. ಒಮ್ಮೊಮ್ಮೆ ಅಲ್ಲಿ ಪಾಸಾದದ್ದು ಇಲ್ಲಿ ಫೇಲ್, ಇಲ್ಲಿ ಪಾಸಾದದ್ದು ಅಲ್ಲಿ ಫೇಲ್. ಅದಕ್ಕೆ ತಲೆಕೆಡಿಸಿಕೊಳ್ಳಬೇಕಿಲ್ಲ. ಎರಡೂ ಕಡೆ ಒಂದೇ ಕ್ಲಿಪ್ ಬಿದ್ದರೆ ಮಾತ್ರ ದೋಷ ನಿಜ.

ಉದ್ದದ ಮಿತಿ ಇಲ್ಲೂ 5ರಿಂದ 60 ಸೆಕೆಂಡು, ಫೈಲು 4 ಜಿಬಿಯೊಳಗೆ, ಕೀವರ್ಡ್ 7ರಿಂದ 50. ಸುದ್ದಿ ಸ್ವರೂಪದ ದೃಶ್ಯಗಳನ್ನು ಎಡಿಟೋರಿಯಲ್ ವಿಭಾಗದಡಿ ಕಳಿಸಬಹುದು. ಆಗ ವಿವರಣೆಯ ಮೊದಲಲ್ಲಿ ಊರು, ದೇಶ, ತಾರೀಕು, ಆಮೇಲೆ ಏನಾಗುತ್ತಿದೆ ಎಂಬ ಸಪ್ಪೆ ವಾಕ್ಯ, ಈ ಕ್ರಮ ತಪ್ಪುವಂತಿಲ್ಲ. 'ಮನಮೋಹಕ ಸಂಜೆ' ಎಂದೆಲ್ಲ ಬರೆದರೆ ವಾಪಸ್. ಎಐಯಿಂದ ಮಾಡಿದ ಕ್ಲಿಪ್ಪುಗಳನ್ನು ಶಟರ್‌ಸ್ಟಾಕ್ ಕೊಡುಗೆದಾರರಿಂದ ತೆಗೆದುಕೊಳ್ಳುವುದಿಲ್ಲ. ನಿಮ್ಮ ಕ್ಲಿಪ್ಪುಗಳನ್ನು ಎಐ ತರಬೇತಿಯ ದತ್ತಾಂಶವಾಗಿ ಮಾರಬಾರದು ಎನ್ನುವ ಆಯ್ಕೆ ಖಾತೆಯ ಸೆಟ್ಟಿಂಗ್‌ನಲ್ಲಿದೆ. ತೆರೆದ ದಿನವೇ ನೋಡಿಬಿಡಿ.

ಪಾಂಡ್5: ಬೆಲೆ ನಿಮ್ಮದು, ಕಾಯುವುದೂ ನಿಮ್ಮದು

ಮೊದಲಿನಿಂದಲೂ ವಿಡಿಯೊವನ್ನೇ ನಂಬಿ ಬೆಳೆದ ಅಂಗಡಿ ಇದು. 2022ರಲ್ಲಿ ಶಟರ್‌ಸ್ಟಾಕ್ ಇದನ್ನು 210 ಮಿಲಿಯನ್ ಡಾಲರಿಗೆ ಕೊಂಡಿತು. ಉಳಿದವರಿಗಿಂತ ಬೇರೆಯಾಗಿ ಕಾಣುವುದು ಒಂದು ಕಾರಣಕ್ಕೆ, ಇಲ್ಲಿ ಕ್ಲಿಪ್ಪಿನ ಬೆಲೆ ನಮೂದಿಸುವವರು ನೀವೇ. ಸೂರ್ಯಾಸ್ತ, ಮೋಡ, ಅಲೆಗಳಿಗೆ ವಿಪರೀತ ಬೆಲೆ ಇಟ್ಟು ಉಪಯೋಗವಿಲ್ಲ, ಅಂಥವು ಲಕ್ಷಗಟ್ಟಲೆ ಬಿದ್ದಿವೆ. ಜ್ವಾಲಾಮುಖಿಯ ಅಂಚು, ನೀರಿನಡಿಯ ಅಪರೂಪದ ಜೀವಿ, ಒಳಹೋಗಲು ಅನುಮತಿಯೇ ಸಿಗದ ಕಾರ್ಖಾನೆ, ಇಂಥ ಕ್ಲಿಪ್ಪುಗಳಿಗೆ ಮಾತ್ರ ಬೆಲೆ ಏರಿಸುವುದು ಸರಿ. ಅವನ್ನು ಚಂದಾ ಅಂಗಡಿಗಳಿಗೆ ಕೊಡದೆ ಇಲ್ಲಿ ಮಾತ್ರ ಇಡುವುದು ಇನ್ನೂ ಸರಿ.

ಅಪ್‌ಲೋಡ್‌ಗೆ ಫೈಲುಗಳನ್ನು ಒಟ್ಟಿಗೆ ಕಳಿಸುವ ಎಫ್‌ಟಿಪಿ, ವಿವರಗಳಿಗೆ ಪಟ್ಟಿ ರೂಪದ ಸಿಎಸ್‌ವಿ ಕಡತ, ನೂರಾರು ಕ್ಲಿಪ್ ಇರುವವರಿಗೆ ಹಿತವಾದ ವ್ಯವಸ್ಥೆ. ಐದಾರು ಕ್ಲಿಪ್ ಇರುವವರಿಗೆ ಅದೇ ತೊಡಕು. ಗುಣಮಟ್ಟದ ಜರಡಿ ಇಲ್ಲಿ ಸ್ವಲ್ಪ ಸಡಿಲ. ಕೇಳಲು ಚೆಂದ, ಆದರೆ ಕಲಿಯುವವರಿಗೆ ಅದರಿಂದ ನಷ್ಟವೇ. ತಪ್ಪು ತೋರಿಸದ ಪರೀಕ್ಷಕನಿಂದ ಕಲಿಯುವುದೇನು? ಮೂರನೆಯ ಅಂಗಡಿಯಾಗಿ ಇರಲಿ.

ಎಕ್ಸ್‌ಕ್ಲೂಸಿವ್ ಆದರೆ ಹೆಚ್ಚಿನ ಪಾಲು ಎಂಬ ಆಸೆಯೂ ಇಲ್ಲಿದೆ. ಹತ್ತು ಕ್ಲಿಪ್ ಕೂಡ ಮಾರದೆ ಒಂದೇ ಅಂಗಡಿಗೆ ಬರೆದುಕೊಡುವುದೆಂದರೆ ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದಂತೆ. ನಿಮ್ಮ ಬಗೆಯ ಕ್ಲಿಪ್ ಎಲ್ಲಿ ಓಡುತ್ತದೆ ಎಂದು ತಿಳಿಯಲು ಕನಿಷ್ಠ ಒಂದು ವರ್ಷದ ಮಾರಾಟ ಎದುರಿಗಿರಬೇಕು.

ಐಸ್ಟಾಕ್, ಬ್ಲ್ಯಾಕ್‌ಬಾಕ್ಸ್

ಗೆಟ್ಟಿ ಇಮೇಜಸ್ 2006ರಲ್ಲಿ ಕೊಂಡ ಐಸ್ಟಾಕ್‌ನಲ್ಲಿ ಎಕ್ಸ್‌ಕ್ಲೂಸಿವ್ ಅಲ್ಲದವರ ವಿಡಿಯೊಗೆ ಪಾಲು ಶೇ. 20. ಮೊದಲು ಮಾದರಿ ಕ್ಲಿಪ್ ಕೊಟ್ಟು ಒಪ್ಪಿಗೆ ಪಡೆಯಬೇಕು. ಕೀವರ್ಡ್‌ಗಳನ್ನು ಅವರ ಪದಪಟ್ಟಿಗೆ ಹೊಂದಿಸುವ ಹೆಚ್ಚುವರಿ ಕೆಲಸವೂ ಇದೆ. ಕ್ಲಿಪ್ಪೊಂದಕ್ಕೆ ತಗಲುವ ಸಮಯ ನೋಡಿದರೆ ಹೊಸಬರಿಗೆ ಈಗ ಬೇಡ. ಗೆಟ್ಟಿ ಮತ್ತು ಶಟರ್‌ಸ್ಟಾಕ್ ವಿಲೀನದ ಒಪ್ಪಂದ 2025ರ ಜನವರಿಯಲ್ಲಿ ಪ್ರಕಟವಾಗಿದೆ. ಶಟರ್‌ಸ್ಟಾಕ್, ಪಾಂಡ್5, ಐಸ್ಟಾಕ್ ಮೂರೂ ಒಂದೇ ಛಾವಣಿಯಡಿ ಬರಬಹುದಾದಾಗ ಒಂದೇ ಕಡೆ ಎಕ್ಸ್‌ಕ್ಲೂಸಿವ್ ಆಗದಿರಲು ಅದೂ ಒಂದು ಕಾರಣ.

ಬ್ಲ್ಯಾಕ್‌ಬಾಕ್ಸ್ ಏಜೆನ್ಸಿಯಲ್ಲ, ಮಧ್ಯವರ್ತಿ. ಒಮ್ಮೆ ಅಪ್‌ಲೋಡ್ ಮಾಡಿದರೆ ಹಲವು ಏಜೆನ್ಸಿಗಳಿಗೆ ಅದೇ ಹಂಚುತ್ತದೆ, ಬಂದ ಹಣದಲ್ಲಿ ಶೇ. 15 ಇಟ್ಟುಕೊಳ್ಳುತ್ತದೆ. ಕ್ಯಾಮೆರಾದವರು, ಎಡಿಟರ್, ನಟಿಸಿದವರು, ಕೀವರ್ಡ್ ಬರೆದವರು, ಇವರೆಲ್ಲರ ಪಾಲನ್ನು ಮೊದಲೇ ನಮೂದಿಸಿದರೆ ಹಂಚಿಕೊಡುತ್ತದೆ. ತಂಡವಾಗಿ ಕೆಲಸ ಮಾಡುವವರಿಗೆ ಈ ಹಂಚಿಕೆಯೊಂದೇ ಶೇ. 15ಕ್ಕೆ ಸಮ. ಒಬ್ಬರೇ ಇರುವವರು ಸ್ವಂತ ಖಾತೆಗಳಲ್ಲೇ ಕಲಿಯುವುದು ಒಳ್ಳೆಯದು.

ಎಲ್ಲ ಅಂಗಡಿಗಳೂ ವಾಪಸ್ ಕಳಿಸುವ ಕ್ಲಿಪ್ಪುಗಳು

ಅಂಗಡಿ ಯಾವುದೇ ಇರಲಿ, ರಿವ್ಯೂ ಮಾಡುವವರು ಕ್ಲಿಪ್ಪನ್ನು ಪೂರ್ಣ ಗಾತ್ರದಲ್ಲಿ ನೋಡುತ್ತಾರೆ. ನೀವು ಮೊಬೈಲ್ ಪರದೆಯಲ್ಲಿ ನೋಡಿ ಸರಿಯಿದೆ ಎನ್ನುತ್ತೀರಿ. ಜಗಳ ಹುಟ್ಟುವುದೇ ಈ ಅಂತರದಲ್ಲಿ. ಕಳಿಸುವ ಮುನ್ನ ಕಂಪ್ಯೂಟರಿನಲ್ಲಿ ಶೇ. 100 ಗಾತ್ರಕ್ಕೆ ಹಿಗ್ಗಿಸಿ, ಮೊದಲು ನೆರಳಿನ ಭಾಗ, ಆಮೇಲೆ ನಾಲ್ಕು ಅಂಚು, ಕೊನೆಗೆ ಫೋಕಸ್ ಇರಬೇಕಾದ ಜಾಗ ನೋಡಿ.

ನೆರಳಿನಲ್ಲಿ ಕಾಳು ಕಾಳಾಗಿ ಕುದಿಯುತ್ತಿದ್ದರೆ ಅದು ನಾಯ್ಸ್. ಕಾರಣ ಸಾಮಾನ್ಯವಾಗಿ ಐಎಸ್ಒ (ಕ್ಯಾಮೆರಾ ಬೆಳಕನ್ನು ಹಿಗ್ಗಿಸುವ ಅಳತೆ) ಏರಿಸಿದ್ದಲ್ಲ, ಬೆಳಕು ಕಡಿಮೆ ಕೊಟ್ಟು ಆಮೇಲೆ ಎಡಿಟಿಂಗ್‌ನಲ್ಲಿ ನೆರಳನ್ನು ಎತ್ತಿದ್ದು. ಅಂಚುಗಳು ಜೆಲ್ಲಿಯಂತೆ ಅಲುಗಿದರೆ ಸ್ಟೆಬಿಲೈಸರ್ ಸಾಫ್ಟ್‌ವೇರ್ ಅತಿಯಾಗಿದೆ. ಟ್ರೈಪಾಡ್ ಇಟ್ಟು ಮತ್ತೆ ತೆಗೆಯುವುದೇ ಪರಿಹಾರ. ಆಕಾಶದಲ್ಲಿ ಅಲುಗದ ಮಸುಕು ಚುಕ್ಕೆ ಕಂಡರೆ ಸೆನ್ಸರ್ ಮೇಲೆ ಧೂಳು, ಲೆನ್ಸಿನ ಬಾಯಿ ಕಿರಿದಾದ ಎಫ್/16ರಲ್ಲಿ ಅದು ಎದ್ದು ಕಾಣುತ್ತದೆ, ಎಫ್/5.6ರಲ್ಲಿ ಮರೆಯಾಗುತ್ತದೆ. ಆಕಾಶದ ನೀಲಿ ಪಟ್ಟೆಪಟ್ಟೆಯಾಗಿ ಒಡೆದಿದ್ದರೆ 8 ಬಿಟ್ ಕ್ಲಿಪ್ಪಿನ ಬಣ್ಣವನ್ನು ಅತಿಯಾಗಿ ಎಳೆದಿದ್ದೀರಿ.

ಒಳಾಂಗಣದಲ್ಲಿ ಗೋಡೆಯ ಮೇಲೆ ಕಪ್ಪು ಪಟ್ಟಿಗಳು ಉರುಳುತ್ತಿದ್ದರೆ ಅದು ದೀಪದ ಮಿಣುಕು. ವಿದ್ಯುತ್ 50 ಹರ್ಟ್ಸ್ ಇರುವಲ್ಲಿ ಶಟರ್ ವೇಗ 1/50 ಸೆಕೆಂಡು ಅಥವಾ 1/100, 60 ಹರ್ಟ್ಸ್ ಇರುವಲ್ಲಿ 1/60 ಅಥವಾ 1/120 ಇಟ್ಟರೆ ಹೋಗುತ್ತದೆ. ಅಗ್ಗದ ಎಲ್ಇಡಿಗಳು ಈ ಲೆಕ್ಕಕ್ಕೂ ಬಗ್ಗುವುದಿಲ್ಲ, ದೀಪವನ್ನೇ ಬದಲಿಸಬೇಕು. ಹೊರಾಂಗಣದ ತೊಂದರೆ ಇನ್ನೊಂದು ಬಗೆಯದು. ಬಿಸಿಲಿಗೆಂದು ಶಟರ್ 1/2000ಕ್ಕೆ ಹೋದರೆ ನಡೆಯುವ ಜನ ಗೊಂಬೆಗಳಂತೆ ಕಡಿದು ಕಡಿದು ಚಲಿಸುತ್ತಾರೆ. 25 ಫ್ರೇಮಿಗೆ 1/50, 30 ಫ್ರೇಮಿಗೆ 1/60 ಎಂಬ ಲೆಕ್ಕ ಉಳಿಯಲು ಲೆನ್ಸ್ ಮುಂದೆ ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಬೇಕು. ಹೊಸ ಕ್ಯಾಮೆರಾಕ್ಕಿಂತ ಮೊದಲು ಕೊಳ್ಳಬೇಕಾದ ಎರಡು ವಸ್ತುಗಳೆಂದರೆ ಇದು ಮತ್ತು ಗಟ್ಟಿ ಟ್ರೈಪಾಡ್.

ಮೊಬೈಲಿನಲ್ಲಿ ತೆಗೆಯುವವರು ಎಚ್‌ಡಿಆರ್ ವಿಡಿಯೊ ಆಫ್ ಮಾಡಲಿ. ಅದನ್ನು ರೆಕ್.709 ಎಂಬ ಸಾಮಾನ್ಯ ಬಣ್ಣಕ್ರಮಕ್ಕೆ ಸರಿಯಾಗಿ ಇಳಿಸದೆ ಕಳಿಸಿದರೆ ಬಣ್ಣ ಬಿಳಿಚಿಕೊಳ್ಳುತ್ತದೆ. ಡಿಜಿಟಲ್ ಜೂಮ್ ಬೇಡ. ಫೋಕಸ್, ಎಕ್ಸ್‌ಪೋಷರ್ ಎರಡನ್ನೂ ಲಾಕ್ ಮಾಡಿ. ಇಲ್ಲವಾದರೆ ಮಧ್ಯದಲ್ಲಿ ಬೆಳಕು ತಾನೇ ಉಸಿರಾಡಲು ತೊಡಗುತ್ತದೆ. ಫೋನುಗಳು ಫ್ರೇಮ್ ದರವನ್ನು ಒಳಗೊಳಗೇ ಏರಿಳಿಸುವುದುಂಟು, ಎಕ್ಸ್‌ಪೋರ್ಟ್ ಮಾಡುವಾಗ ಸ್ಥಿರ ದರಕ್ಕೆ ಕಟ್ಟಿಹಾಕಿ. 25ರಲ್ಲಿ ತೆಗೆದದ್ದನ್ನು 30 ಮಾಡಬೇಡಿ, ಫ್ರೇಮುಗಳು ಎರಡೆರಡು ಬಾರಿ ಬಂದು ಚಲನೆ ಎಡವುತ್ತದೆ. 1080 ಕ್ಲಿಪ್ಪನ್ನು ಹಿಗ್ಗಿಸಿ 4ಕೆ ಎಂದು ಕಳಿಸಿದರೆ ಕಣ್ಣಿಗೆ ಬೀಳದೆ ಇರದು.

ಕ್ಲಿಪ್ 10ರಿಂದ 20 ಸೆಕೆಂಡು ಇರಲಿ. ಫೇಡ್, ಸಂಗೀತ, ಅಕ್ಷರ, ನಿಮ್ಮ ಹೆಸರಿನ ಮುದ್ರೆ ಯಾವುದೂ ಬೇಡ. ಉಪಯೋಗವಿಲ್ಲದ ಗಾಳಿಯ ಗುಯ್‌ಗುಟ್ಟುವಿಕೆ ಇದ್ದರೆ ಆಡಿಯೊ ತೆಗೆದುಬಿಡಿ. ಎಲ್ಲೋ ನುಡಿಯುತ್ತಿದ್ದ ಹಾಡು ಒಂದೇ ಸೆಕೆಂಡು ಸೇರಿದ್ದರೂ ಅದು ಇನ್ನೊಬ್ಬರ ಸ್ವತ್ತು. ಒಂದೇ ಅಲೆಯ ಹತ್ತು ಕ್ಲಿಪ್ ಕಳಿಸಿದರೆ 'ಒಂದೇ ರೀತಿಯವು' ಎಂದು ಬಹುಪಾಲು ಬೀಳುತ್ತವೆ. ದೂರದಿಂದ ಒಂದು, ಹತ್ತಿರದಿಂದ ಒಂದು, ನಿಧಾನಗತಿಯಲ್ಲಿ ಒಂದು, ಅಷ್ಟು ಸಾಕು.

ರಿಲೀಸ್ ಮತ್ತು ಲೋಗೊ

ಹಣ ತರುವುದು ಮನುಷ್ಯರಿರುವ ಕ್ಲಿಪ್ಪುಗಳು. ಕಷ್ಟವೂ ಅವುಗಳದ್ದೇ. ವಾಣಿಜ್ಯ ಬಳಕೆಗೆ ಮಾರುವ ಕ್ಲಿಪ್ಪಿನಲ್ಲಿ ಗುರುತು ಹಿಡಿಯಬಹುದಾದ ಪ್ರತಿಯೊಬ್ಬರ ಸಹಿ ಇರುವ ಮಾಡೆಲ್ ರಿಲೀಸ್ ಎಂಬ ಒಪ್ಪಿಗೆ ಪತ್ರ ಬೇಕು. ಮಕ್ಕಳಾದರೆ ತಂದೆ, ತಾಯಿ ಅಥವಾ ಪೋಷಕರ ಸಹಿ. ಚಿತ್ರೀಕರಿಸಿದವರೇ ಕ್ಲಿಪ್ಪಿನಲ್ಲಿ ಕಾಣಿಸಿಕೊಂಡರೂ ಬೇಕು, ಇದನ್ನು ಮರೆಯುವವರು ಬಹಳ. ಮುಖ ಕಾಣದಿದ್ದರೂ ಹಚ್ಚೆಯಿಂದ ಗುರುತು ಸಿಗುವುದಾದರೆ ರಿಲೀಸ್ ಕೇಳುತ್ತಾರೆ. ಆ ಹಚ್ಚೆ ಕಲಾವಿದನ ಕೃತಿ ಎಂಬ ಇನ್ನೊಂದು ತಕರಾರೂ ಬರಬಹುದು. ಒಂದೇ ಏಜೆನ್ಸಿಯ ಹೆಸರು ಮುದ್ರಿತವಾಗಿರದ ಫಾರ್ಮ್ ಬಳಸಿ. ಇಲ್ಲದಿದ್ದರೆ ಅದೇ ವ್ಯಕ್ತಿಯ ಹತ್ತಿರ ಮೂರು ಸಲ ಸಹಿಗೆ ಅಲೆಯಬೇಕು. ಸಹಿಯ ತಾರೀಕು, ಚಿತ್ರೀಕರಣದ ತಾರೀಕು ಹೊಂದಬೇಕು. ಸಾಕ್ಷಿಯ ಜಾಗದಲ್ಲಿ ನಟಿಸಿದವರೇ ಸಹಿ ಹಾಕಿದರೆ ನಡೆಯುವುದಿಲ್ಲ.

ಲೋಗೊ ಎಂದರೆ ಜಾಹೀರಾತು ಫಲಕ ಮಾತ್ರ ಎಂದುಕೊಳ್ಳಬೇಡಿ. ಲ್ಯಾಪ್‌ಟಾಪ್ ಮುಚ್ಚಳದ ಚಿಹ್ನೆ, ಬೂಟಿನ ಪಟ್ಟೆ, ಫೋನಿನ ಪರದೆಯ ಐಕಾನ್‌ಗಳು, ಹಿಂದಿನ ಗೋಡೆಯ ವರ್ಣಚಿತ್ರ, ಪುಸ್ತಕದ ಮುಖಪುಟ ಎಲ್ಲವೂ ಸೇರುತ್ತವೆ. ಫೋಟೋದಲ್ಲಿ ಒಂದು ಚಿಹ್ನೆ ಅಳಿಸುವುದು ನಿಮಿಷದ ಕೆಲಸ. 30 ಫ್ರೇಮಿನ 20 ಸೆಕೆಂಡು ಎಂದರೆ 600 ಚಿತ್ರ. ಚಿತ್ರೀಕರಣಕ್ಕೆ ಮುಂಚೆ ಅಂಟಿಸುವ ಒಂದು ಕಪ್ಪು ಟೇಪು ಆ ರಾತ್ರಿಗಳನ್ನು ಉಳಿಸುತ್ತದೆ. ಕಟ್ಟಡಗಳಲ್ಲೂ ಸೂಕ್ಷ್ಮಗಳಿವೆ. ಹಗಲಿನ ಐಫೆಲ್ ಗೋಪುರ ತೊಂದರೆಯಿಲ್ಲ, ರಾತ್ರಿಯ ದೀಪಾಲಂಕಾರಕ್ಕೆ ಹಕ್ಕುಸ್ವಾಮ್ಯ ಇರುವುದರಿಂದ ವಾಣಿಜ್ಯ ಕ್ಲಿಪ್ಪಾಗಿ ತೆಗೆದುಕೊಳ್ಳುವುದಿಲ್ಲ.

ಕೀವರ್ಡ್ ಬರೆಯುವಾಗ ಕೊಳ್ಳುವವರು ಏನೆಂದು ಹುಡುಕುತ್ತಾರೆ ಎಂಬುದೇ ಲೆಕ್ಕ. ಯಾರು, ಏನು ಮಾಡುತ್ತಿದ್ದಾರೆ, ಎಲ್ಲಿ, ಯಾವ ಹೊತ್ತು, ಹೇಗೆ ತೆಗೆದದ್ದು, ಕೊನೆಗೆ ಭಾವ. ವೃದ್ಧೆಯೊಬ್ಬರು ವಿಡಿಯೊ ಕರೆಯಲ್ಲಿ ಮಾತಾಡುವ ಕ್ಲಿಪ್ಪಿಗೆ 'ಒಂಟಿತನ' ಮತ್ತು 'ಸಂಪರ್ಕ' ಎರಡೂ ಹೊಂದುತ್ತವೆ, 'ಸೌಂದರ್ಯ' ಹೊಂದುವುದಿಲ್ಲ. 25ರಿಂದ 35 ಸಾಕು. ಮಿತಿ 50 ಇದೆಯೆಂದು ತುಂಬಿಸಿದ ಸಂಬಂಧವಿಲ್ಲದ ಪದಗಳಿಂದ ಬೇಡದ ಹುಡುಕಾಟಗಳಲ್ಲಿ ಕಾಣಿಸಿಕೊಳ್ಳುತ್ತೀರಿ, ಯಾರೂ ಕ್ಲಿಕ್ ಮಾಡುವುದಿಲ್ಲ.

ತೆರಿಗೆಯ ಫಾರ್ಮ್

ಈ ಅಂಗಡಿಗಳೆಲ್ಲ ಅಮೆರಿಕದ ತೆರಿಗೆ ನಿಯಮಕ್ಕೆ ಒಳಪಟ್ಟಿವೆ. ಅಮೆರಿಕದ ಹೊರಗಿರುವ ವ್ಯಕ್ತಿಗಳು ಖಾತೆಯಲ್ಲೇ ಡಬ್ಲ್ಯು-8 ಬಿಇಎನ್ ಎಂಬ ಫಾರ್ಮ್ ತುಂಬಬೇಕು. ತುಂಬದಿದ್ದರೆ ಅಮೆರಿಕದೊಳಗಿನ ಗ್ರಾಹಕರಿಗಾದ ಮಾರಾಟದ ಪಾಲಿನಲ್ಲಿ ಶೇ. 30 ಮುರಿದುಕೊಳ್ಳುತ್ತಾರೆ. ನಿಮ್ಮ ದೇಶದ ಜೊತೆ ತೆರಿಗೆ ಒಪ್ಪಂದವಿದ್ದರೆ, ಫಾರ್ಮಿನಲ್ಲಿ ಅದನ್ನು ಕೇಳಿಕೊಂಡಾಗ ಮಾತ್ರ ದರ ಇಳಿಯುತ್ತದೆ. ಹೆಸರು ಗುರುತಿನ ಚೀಟಿಯಲ್ಲಿ ಇರುವ ಹಾಗೆಯೇ ಇರಬೇಕು. ಇನಿಶಿಯಲ್ ಒಂದು ಕಡೆ, ಪೂರ್ಣ ಹೆಸರು ಇನ್ನೊಂದು ಕಡೆ ಆದರೆ ಹಣ ಅಲ್ಲೇ ನಿಲ್ಲುತ್ತದೆ. ಸಹಿ ಹಾಕಿದ ವರ್ಷದ ನಂತರದ ಮೂರನೆಯ ವರ್ಷದ ಕೊನೆಯ ದಿನದವರೆಗೆ ಫಾರ್ಮಿಗೆ ಜೀವ. 2025ರಲ್ಲಿ ಸಹಿ ಮಾಡಿದ್ದು 2028ರ ಡಿಸೆಂಬರ್ 31ಕ್ಕೆ ಮುಗಿಯುತ್ತದೆ, ಹೊಸದು ತುಂಬುವವರೆಗೆ ಮತ್ತೆ ಶೇ. 30 ಕಡಿತ.